ಪೇಟ ಅವನ ತಲೆಗೇ ಇರಲಿ

ಬಿಂದುಮಾಧವರಾಯರು ಕೆಲಸದಿಂದ ನಿವೃತ್ತರಾದ ದಿನ ಅವರಿಗೆ ಸಿಕ್ಕಿದ್ದು ಒಂದು ಶಾಲು, ಒಂದು ಗೋಡೆ ಗಡಿಯಾರ, ಮತ್ತು ಮನೆಯಲ್ಲಿ ಹೆಂಡತಿ ಕಮಲಮ್ಮನವರ ಕೈಕೆಳಗೆ ಪೂರ್ಣಾವಧಿ ಕೆಲಸ. ಶಾಲು ಬೀರು ಸೇರಿತು, ಗಡಿಯಾರ ನಿಂತುಹೋಯಿತು, ಕೆಲಸ ಮಾತ್ರ ಮುಂದುವರಿಯಿತು. ಇಂಥ ಬಾಳಿನಲ್ಲಿ ಅವರಿಗೆ ಅಧಿಕಾರ ಅಂತ ಉಳಿದಿದ್ದು ಒಂದೇ ಒಂದು: ಒಂದು ಕೀಲಿಗೊಂಚಲು.

ಮೈಸೂರಿನ ವಿಜಯನಗರದ ಸಂಪಿಗೆ ಪಾರ್ಕ್ ನಿವಾಸಿಗಳ ಸಂಘಕ್ಕೆ ರಾಯರು ಕಾರ್ಯದರ್ಶಿ. ಪಾರ್ಕಿನ ಗೇಟು, ಬೋರ್‌ವೆಲ್ ಮೋಟಾರಿನ ಕೋಣೆ, ಸಂಘದ ರೂಮು, ಎಲ್ಲದರ ಕೀಲಿಯೂ ಅವರ ಸೊಂಟದಲ್ಲಿ. ಬೆಳಿಗ್ಗೆ ಐದಕ್ಕೆ ಅವರು ಗೇಟು ತೆಗೆಯುವ ತನಕ ಬಡಾವಣೆಯ ಡಾಕ್ಟರು, ಲಾಯರು, ಇಂಜಿನಿಯರುಗಳೆಲ್ಲ ಕ್ಯಾನ್ವಾಸ್ ಶೂ ಹಾಕಿಕೊಂಡು ಹೊರಗೆ ನಿಂತು "ರಾಯರು ಬಂದ್ರಾ?" ಎಂದು ಒಬ್ಬರನ್ನೊಬ್ಬರು ಕೇಳಬೇಕು. ಆ ಒಂದು ಪ್ರಶ್ನೆ ಕೇಳಿಸಿಕೊಳ್ಳುವುದಕ್ಕಾಗಿ ರಾಯರು ಮೂಲೆ ತಿರುವಿನಲ್ಲಿ ಸ್ವಲ್ಪ ಹೊತ್ತು ಮರೆಯಲ್ಲಿ ನಿಲ್ಲುತ್ತಿದ್ದರೆಂದು ಹೇಳುವವರಿದ್ದಾರೆ. ನಾವು ಕಣ್ಣಾರೆ ಕಂಡಿಲ್ಲ.

ಈ ಗೊಂಚಲಿನ ಮೇಲೆ ಸಂಘದ ಅಧ್ಯಕ್ಷ ವೃಷಭೇಂದ್ರಪ್ಪನವರಿಗೆ ಬಹಳ ದಿನದಿಂದ ಕಣ್ಣು. ಅಕ್ಕಿ ಗಿರಣಿ ನಡೆಸಿ ಮಗನಿಗೆ ಬಿಟ್ಟುಕೊಟ್ಟ ದೊಡ್ಡ ಕುಳ. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಪಾರ್ಕು ಹೇಗಿರುತ್ತದೆಂದು ಅವರು ಕಂಡವರಲ್ಲ. ಆದರೂ ನಡೆದರೆ ಸೊಂಟದಲ್ಲಿ ಝಣ್ ಅನ್ನಬೇಕು ಎನ್ನುವುದೊಂದೇ ಅವರ ಆಸೆ.

ಅವಕಾಶವೂ ಒದಗಿ ಬಂತು. ಸಂಘದ ರಾಜ್ಯೋತ್ಸವಕ್ಕೆ ರಾಯರು ಗೊತ್ತುಮಾಡಿದ ಮುಖ್ಯ ಅತಿಥಿಗಳು ವರ್ಷ ವರ್ಷವೂ ಕೈಕೊಡುತ್ತಿದ್ದರು. ಒಬ್ಬ ಸಾಹಿತಿಗೆ ಜ್ವರ ಬಂತು, ಒಬ್ಬ ಅಧಿಕಾರಿಗೆ ವರ್ಗವಾಯಿತು, ಒಬ್ಬ ನಟನಿಗೆ ಏನಾಯಿತೆಂದು ಅವನಿಗೇ ಗೊತ್ತಾಗಲಿಲ್ಲ. ತಂದ ಮೈಸೂರು ಪೇಟ ದಂಡವಾಗಬಾರದೆಂದು ಪ್ರತಿ ಸಲವೂ ಅದನ್ನು ವೃಷಭೇಂದ್ರಪ್ಪನವರ ತಲೆಗೇ ಹಾಕಿ ಮುಗಿಸುತ್ತಿದ್ದರು. ಈ ವರ್ಷದ ಸಭೆಯಲ್ಲಿ ಅವರು, "ಏನ್ ರಾಯರೇ, ಈ ಸಲಾನೂ ನನ್ ತಲೆನೇ ಗತಿನಾ?" ಎಂದು ಎಲ್ಲರೆದುರು ಕೇಳಿಯೇಬಿಟ್ಟರು.

ರಾಯರಿಗೆ ಉರಿದುಹೋಯಿತು. "ಈ ಸಲ ಅಂತರರಾಷ್ಟ್ರೀಯ ಕ್ರೀಡಾಪಟುವನ್ನೇ ಕರೆಸ್ತೀನಿ!"

"ಬರ್ದಿದ್ರೆ?"

"ಬರದಿದ್ರೆ, ಬಂದು ಕೊನೇತನಕ ಕೂರದಿದ್ರೆ, ಈ ಗೊಂಚಲು ವೇದಿಕೆ ಮೇಲೇ ನಿಮ್ಮ ಕೈಗೆ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರಾಯರಿಗೆ ಪರಿಚಯವಿದ್ದ ಏಕೈಕ ಕ್ರೀಡಾಪಟು ಅವರ ಷಡ್ಡಕ, ಅದೂ ಇಸ್ಪೀಟಿನಲ್ಲಿ.

ಚಿಂತೆಯಲ್ಲೇ ರಾಯರು ಚಂದಾ ಎತ್ತಲು ಹೊರಟರು. ಮುಖ್ಯರಸ್ತೆಯಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ, ಮಂಟಯ್ಯನ ಪೂಲ್ ಹಾಲು ಇತ್ತು. ಹಸಿರು ಬಟ್ಟೆಯ ಮೇಜುಗಳು, ಬಣ್ಣದ ಚೆಂಡುಗಳು, ಉದ್ದ ಕೋಲುಗಳು. ರಾಯರು ಅದರೊಳಗೆ ಕಾಲಿಟ್ಟಿದ್ದು ಅದೇ ಮೊದಲು. ಕಿಟಕಿಯ ಪಕ್ಕದ ಮೇಜಿಗೆ ಒರಗಿ ಇಬ್ಬರು ಯುವಕರು ಮಾತಾಡುತ್ತಿದ್ದರು. ಒಬ್ಬನ ಬಲ ಮಣಿಕಟ್ಟಿಗೆ ದಪ್ಪ ಬ್ಯಾಂಡೇಜು. ಇನ್ನೊಬ್ಬನ ಮೂಗಿನ ಮೇಲೆ ದಪ್ಪ ಕಟ್ಟಿನ ಕನ್ನಡಕ.

"ಮಹೇಂದ್ರಣ್ಣ, ನಿನ್ ಮುಂದೆ ನಾನ್ಯಾವ ಗಿಡದ ತೊಪ್ಪಲು?" ಎಂದ ಕನ್ನಡಕದವನು. "ನೀನು ಕೋಲು ಹಿಡಿದ್ರೆ ಚೆಂಡು ತಾವಾಗೇ ಗುಂಡಿಗೆ ಬೀಳ್ತವೆ. ನಂಗೆ ಒಂದು ಚೆಂಡು ಎರಡೆರಡಾಗಿ ಕಾಣ್ತದೆ."

"ಬುಡು ನಿಶಾಂತು, ಸುಮ್ನೆ ಒಗಳಬ್ಯಾಡ," ಎಂದ ಬ್ಯಾಂಡೇಜಿನವನು. "ನನ್ ಕೈ ನೋಡು. ಮುದ್ದೆ ಮುರಿಯಕ್ಕೂ ಆಗಕಿಲ್ಲ, ನಮ್ಮವ್ವನೇ ತಿನ್ನುಸ್ತಾಳೆ. ದೊಡ್ಡೋನು ಅಂದ್ರೆ ನೀನೇ ಕಣಪ್ಪ."

"ಇಲ್ಲ ಕಣಣ್ಣ, ನೀನೇ ದೊಡ್ಡೋನು!"

"ನಿನ್ನಾಣೆ ನೀನೇ!"

ಓದುಗರು ಇಲ್ಲಿ ಒಂದು ಗುಟ್ಟು ತಿಳಿಯಬೇಕು. ದಟ್ಟಗಳ್ಳಿಯ ಮಹೇಂದ್ರ, ಹೆಬ್ಬಾಳದ ನಿಶಾಂತ್, ಇವರಿಬ್ಬರೂ ಮನಿಲಾ, ದೋಹಾ, ತೈಪೆ ಎಂದು ಸುತ್ತಿ ಪೂಲ್ ಆಡಿಯೇ ಹೊಟ್ಟೆ ಹೊರೆಯುವ ಪಳಗಿದ ಆಟಗಾರರು. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. ಇವರ ನಡುವೆ ಭಾರೀ ಪಣದ ಪಂದ್ಯವೊಂದು ನಡೆಯಬೇಕಿತ್ತು. ಪಣದ ಪಂದ್ಯಕ್ಕೆ ಒಂದು ಪದ್ಧತಿಯಿದೆ: ದೊಡ್ಡ ಆಟಗಾರ ಚಿಕ್ಕವನಿಗೆ ಮೂರೋ ನಾಲ್ಕೋ ಆಟ ಮೊದಲೇ ಬಿಟ್ಟುಕೊಡಬೇಕು. ಆದ್ದರಿಂದ ದೊಡ್ಡವನು ಅನ್ನಿಸಿಕೊಂಡವನು ಕೆಟ್ಟ. ಸಂತೆಯಲ್ಲಿ ಎಲ್ಲರೂ ತಮ್ಮ ಬದನೆಕಾಯಿ ಎಳೆಯದು ಅಂದರೆ, ಇಲ್ಲಿ ತನ್ನದೇ ಹುಳುಕು ಎಂದು ಆಣೆ ಇಟ್ಟು ಸಾಬೀತು ಮಾಡಬೇಕು. ತಿಂಗಳಿಂದ ಅವರಿಬ್ಬರೂ ಮಾಡುತ್ತಿದ್ದದ್ದು ಈ ಚೌಕಾಸಿಯನ್ನೇ.

ಈ ಗುಟ್ಟು ಈಗ ನಿಮಗೆ ಗೊತ್ತಾಯಿತು, ರಾಯರಿಗೆ ಗೊತ್ತಾಗಲಿಲ್ಲ. ಅವರ ಕಣ್ಣಲ್ಲಿ ನೀರು ತುಂಬಿತು. ಸಂಘದ ಸಭೆಯಲ್ಲಿ ಒಬ್ಬರ ಬಾಯಲ್ಲಿ ಇನ್ನೊಬ್ಬರ ಬಗ್ಗೆ ಇಂಥ ಮಾತು ಅವರು ಕೇಳಿದ್ದುಂಟೆ? ತುಂಬಿದ ಕೊಡ ತುಳುಕುವುದಿಲ್ಲ ಎಂದು ಹಿರಿಯರು ಹೇಳಿದ್ದು ಇದಕ್ಕೇ ಎಂದುಕೊಂಡರು. ಮಂಟಯ್ಯನನ್ನು ವಿಚಾರಿಸಿದರು. "ಇಬ್ರೂ ಇಂಟರ್‌ನ್ಯಾಷನಲ್ ಪ್ಲೇಯರ್ಸು ಸಾ," ಎಂದ ಮಂಟಯ್ಯ. ಚಂದಾ ಕೇಳುವುದು ಮರೆತುಹೋಯಿತು.

ರಾಯರು ಮೊದಲು ನಿಶಾಂತನನ್ನು ಮನೆಗೆ ಕರೆದು ಕಾಫಿ ಕೊಟ್ಟು ವಿಷಯ ಹೇಳಿದರು. ರಾಜ್ಯೋತ್ಸವ, ಮುಖ್ಯ ಅತಿಥಿ, ವೇದಿಕೆಯ ಮೇಲೆ ಪೇಟ ತೊಡಿಸಿ 'ದೇಶದ ಅಗ್ರಗಣ್ಯ ಆಟಗಾರ' ಎಂದು ಸನ್ಮಾನ. ನಿಶಾಂತ ಚೇಳು ಕಡಿದವನ ಹಾಗೆ ಎದ್ದು ನಿಂತ.

"ಅಗ್ರಗಣ್ಯ ಅಂತ ಮೈಕಲ್ಲಿ ಹೇಳ್ತೀರಾ ಸಾರ್? ಎಲ್ರೂ ಕೇಳೋ ಹಾಗೆ?"

"ಜೋರಾಗೇ ಹೇಳ್ತೀವಪ್ಪ."

"ಹಾಗಾದ್ರೆ ದಮ್ಮಯ್ಯ ಸಾರ್, ಅದನ್ನ ಮಹೇಂದ್ರಣ್ಣಂಗೇ ಮಾಡಿ. ಪೇಟ, ಶಾಲು, ಹಾರ, ಎಲ್ಲಾ ಖರ್ಚು ನಂದು. ನಾನು ಬಂದು ಪಕ್ಕದಲ್ಲಿ ಕೂತು ಚಪ್ಪಾಳೆ ತಟ್ತೀನಿ." ಭಾವಾವೇಶದಲ್ಲಿ ಅವನ ಕನ್ನಡಕ ಕಾಫಿ ಲೋಟಕ್ಕೆ ಬಿತ್ತು. ಕಮಲಮ್ಮನವರು ಅದನ್ನು ತೆಗೆದು ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿದರು.

"ಇದರಲ್ಲಿ ನಂಬರ್ರೇ ಇಲ್ವಲ್ರೀ. ಬರೀ ಗಾಜು."

"ನಿನಗೇನೇ ಗೊತ್ತಾಗತ್ತೆ? ಫಾರಿನ್ ಕನ್ನಡಕ ಹಾಗೇ ಇರೋದು," ಎಂದು ರಾಯರು ಗದರಿಕೊಂಡರು.

ಮಾರನೇ ದಿನ ದಟ್ಟಗಳ್ಳಿಗೆ ಹೋದರು. ಮಹೇಂದ್ರನ ತಾಯಿ ಸರೋಜಮ್ಮ ಬಾಯ್ತುಂಬ ಮಾತಾಡಿ ಕೂರಿಸಿದರು. ಹಾಲಿನಲ್ಲಿ ಒಂದು ದೊಡ್ಡ ಷೋಕೇಸು, ಅದರ ಮೇಲೆ ಹೂವಿನ ಬೆಡ್‌ಶೀಟು ಹೊದಿಸಿತ್ತು.

"ಅದ್ರೊಳಗೆ ಏನದೆ ಗೊತ್ತಾ ಸಾಮಿ, ನಮ್ ಮಯೇಂದ್ರ ಓದ್ ತಿಂಗ್ಳು..."

"ಅವ್ವಾ, ಕಾಫಿ!" ಎಂದು ಮಹೇಂದ್ರ ಕೂಗಿದ ರಭಸಕ್ಕೆ ಬೀದಿಯ ನಾಯಿ ಬೊಗಳಿತು.

ಸಾಧನೆಯನ್ನೂ ಬೆಡ್‌ಶೀಟು ಹೊದಿಸಿ ಮುಚ್ಚಿಡುವ ವಿನಯ! ರಾಯರು ಎದ್ದು ಅವನ ಬ್ಯಾಂಡೇಜಿಲ್ಲದ ಕೈ ಹಿಡಿದುಕೊಂಡು ಸನ್ಮಾನದ ಮಾತೆತ್ತಿದರು. ಅವನದೂ ಅದೇ ರಾಗ: "ನಂಗ್ಯಾಕ್ ಸಾ? ಪೇಟ ನಿಶಾಂತನ ತಲೆಗೇ ಆಕಿ. ಅವುನ್ ಫೋಟೊ ಆಕಿ ಒಂದು ದೊಡ್ಡ ಫ್ಲೆಕ್ಸ್ ಮಾಡ್ಸಿ, ದುಡ್ಡು ನಾನ್ ಕೊಡ್ತೀನಿ. ಅದ್ರಲ್ಲಿ 'ಸೋಲಿಲ್ಲದ ಸರದಾರ' ಅಂತ ದಪ್ಪಕ್ಷರದಾಗೆ ಬರುಸ್ಬೇಕು."

ಸಂಘದ ಸಂಪ್ರದಾಯದ ಪ್ರಕಾರ ವರ್ಷಕ್ಕೆ ಒಂದೇ ಪೇಟ. ರಾಯರು ಯೋಚಿಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಬ್ಬರನ್ನೂ ಕರೆಯುವುದು, ಪೇಟ ಇನ್ನೊಬ್ಬನಿಗೇ ಎಂದು ಇಬ್ಬರಿಗೂ ಗುಟ್ಟಾಗಿ ಮಾತು ಕೊಡುವುದು. ಹಾಗೇ ಮಾಡಿದರು. ಅತಿಥಿ ಒಬ್ಬ ತಪ್ಪಿಸಿಕೊಂಡರೂ ಇನ್ನೊಬ್ಬನಿರುತ್ತಾನೆ, ಕೀಲಿಗೊಂಚಲಿಗೆ ಮೋಸವಿಲ್ಲ ಎಂದು ಆ ದಿನ ರಾಯರು ಒಂದು ಹೋಳಿಗೆ ಹೆಚ್ಚಾಗಿಯೇ ತಿಂದರು.

ಮಹೇಂದ್ರ ನಿಶಾಂತನ ಫ್ಲೆಕ್ಸ್ ಕಟ್ಟಿಸಿದ. ಅದನ್ನು ಕಂಡ ನಿಶಾಂತ ಅದರೆದುರಿಗೆ ಎರಡರಷ್ಟು ದೊಡ್ಡದಾಗಿ ಮಹೇಂದ್ರನದನ್ನು ಕಟ್ಟಿಸಿದ. ಮಹೇಂದ್ರ ನಿಶಾಂತನ ಫೋಟೊಗೆ ಕಿರೀಟ ಬರೆಸಿದ, ನಿಶಾಂತ ಮಹೇಂದ್ರನ ಹಿಂದೆ ಹುಲಿ ನಿಲ್ಲಿಸಿದ. ಪಾರ್ಕಿನ ಸುತ್ತ ನಡೆಯಲು ಜಾಗವಿಲ್ಲದಂತಾಯಿತು. ಸಹಜವಾಗಿಯೇ ಪಾಲಿಕೆಯಿಂದ ನಂಜಯ್ಯ ಎಂಬ ಅಧಿಕಾರಿ ಏಣಿ, ಆಳು, ಜೀಪು ಸಮೇತ ಬಂದರು. ಅನುಮತಿಯಿಲ್ಲದ ಫ್ಲೆಕ್ಸ್ ತೆಗೆಸುವುದೇ ಅವರ ಕೆಲಸ. ತೆಗೆಯಬೇಡಿ ಎಂದು ಬೇಡುವವರನ್ನು, ಬೈಯುವವರನ್ನು, ಮೇಲಿನಿಂದ ಫೋನು ಮಾಡಿಸುವವರನ್ನು ನೋಡಿಯೇ ಅವರ ಕೂದಲು ಬೆಳ್ಳಗಾಗಿತ್ತು.

ಸುದ್ದಿ ತಿಳಿದು ಎರಡು ಬೈಕುಗಳು ಎರಡು ದಿಕ್ಕಿನಿಂದ ಬಂದು ನಿಂತವು.

"ಸಾರ್, ಮೊದ್ಲು ನಂದು ಕಿತ್ತಾಕಿ!" ಎಂದ ನಿಶಾಂತ.

"ಯಾಕೆ? ಅದ್ಯಂಗೆ ಮೊದ್ಲು ನಿಂದು? ನಂದು ದೊಡ್ದಾಗದೆ, ನಂದು ಕೀಳಿ ಸಾ!" ಎಂದ ಮಹೇಂದ್ರ.

"ಅವನದನ್ನ ಮುಟ್ಬೇಡಿ ಸಾರ್, ಅದು ಇರ್ಲಿ, ಊರಿಗೇ ಶೋಭೆ. ನಂದು ತೆಗೀರಿ, ಏಣಿ ನಾನೇ ಹಿಡ್ಕೋತೀನಿ!"

ನಂಜಯ್ಯನವರು ಇಬ್ಬರ ಮುಖವನ್ನೂ, ಕಂಬದ ಮೇಲಿದ್ದ ಇಬ್ಬರ ಫೋಟೊಗಳನ್ನೂ ಸರದಿಯಂತೆ ನೋಡಿದರು. ಆಮೇಲೆ ಅಕ್ಕಪಕ್ಕದ ಮರಗಳ ಮೇಲೆಲ್ಲ ಕಣ್ಣಾಡಿಸಿದರು. ಎಲ್ಲೋ ಕ್ಯಾಮೆರಾ ಇಟ್ಟಿದ್ದಾರೆ, ಇದು ತಮ್ಮನ್ನು ಸಿಕ್ಕಿಸುವ ಹೊಸ ಉಪಾಯ ಎಂದು ಅವರಿಗೆ ಖಾತ್ರಿಯಾಯಿತು. "ಪೆನ್ಷನ್ ಹತ್ರ ಬಂದದೆ ಕಣ್ರಪ್ಪ, ಮಕ್ಕಳೊಂದಿಗ. ಭಾನುವಾರ ಫಂಕ್ಷನ್ ಮುಗಿಸ್ಕೊಂಡು ನೀವೇ ಇಳಿಸ್ಬುಡಿ," ಎಂದು ಕೈ ಮುಗಿದು, ಏಣಿಯನ್ನೂ ಮರೆತು ಜೀಪು ಹತ್ತಿದರು.

ಭಾನುವಾರ ಸಂಜೆ ಪಾರ್ಕು ತುಂಬಿತ್ತು. ಒಂದು ಕಡೆ ಬಿಸಿಬೇಳೆಬಾತಿನ ಕೊಳಗ ಬಂದಿಳಿದಿತ್ತು, ಆದ್ದರಿಂದ ಜನ ಏಳುವ ಸಂಭವವಿರಲಿಲ್ಲ. ವೇದಿಕೆಯ ಮೇಲೆ ಇಬ್ಬರು ಅತಿಥಿಗಳು, ನಡುವೆ ವೃಷಭೇಂದ್ರಪ್ಪ. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯುಟ್ಟ ಸರೋಜಮ್ಮ, ಅವರ ಹಿಂದೆ ದಟ್ಟಗಳ್ಳಿಯ ನೆಂಟರು. ರಾಯರು ಮೈಕಿನ ಮುಂದೆ ನಿಂತು ಸೊಂಟದ ಗೊಂಚಲನ್ನು ಒಮ್ಮೆ ಕುಲುಕಿ, "ಈಗ ಸನ್ಮಾನ," ಎಂದರು. ಯಾರಿಗೆ ಎನ್ನುವ ಜಾಗದಲ್ಲಿ ಜೋರಾಗಿ ಕೆಮ್ಮಿದರು.

ವೃಷಭೇಂದ್ರಪ್ಪನವರು ಪೇಟ ಹಿಡಿದು ಮಹೇಂದ್ರನತ್ತ ಬಾಗಿದರು. ಮಹೇಂದ್ರ ತಲೆ ತಗ್ಗಿಸಿ ತಪ್ಪಿಸಿಕೊಂಡ. "ಅವ್ನಿಗೆ ಸಾ, ಅವ್ನಿಗೆ!" ನಿಶಾಂತನತ್ತ ಬಾಗಿದರು. ನಿಶಾಂತ ಕುರ್ಚಿಸಮೇತ ಹಿಂದೆ ಸರಿದ. "ಅಣ್ಣಂಗೆ ಸಾರ್!" ಪೇಟ ಆಚೆ ಹೋಯಿತು, ಈಚೆ ಬಂತು. ಮೂರು ವರ್ಷದಿಂದ ಪೇಟಕ್ಕೆ ಒಗ್ಗಿದ್ದ ವೃಷಭೇಂದ್ರಪ್ಪನವರ ಕೈ ಅಭ್ಯಾಸಬಲದಿಂದ ತಮ್ಮ ತಲೆಯತ್ತಲೇ ಏರುತ್ತಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಎಂಥಾ ಸಂಸ್ಕಾರ!" ಎಂದು ನಿವೃತ್ತ ಪ್ರಾಂಶುಪಾಲರೊಬ್ಬರು ಕಣ್ಣೊರೆಸಿಕೊಂಡರು.

ಮಹೇಂದ್ರ ಮೈಕು ಕಸಿದುಕೊಂಡ. "ಮಹಾಜನಗಳೇ, ಸತ್ಯ ಏಳ್ತೀನಿ. ನಂಗೆ ಆಡಕ್ಕೆ ಬರಾಕಿಲ್ಲ. ಕೈ ಓಗ್ಬುಟ್ಟದೆ. ಎರಡು ವರ್ಷದಿಂದ ಒಂದು ಕಪ್ಪೂ ಕಂಡಿಲ್ಲ. ನಾನೊಬ್ಬ ದಂಡಪಿಂಡ. ನಮ್ಮವ್ವಂಗೆ ಬಾರ ಆಗಿವ್ನಿ."

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇಲ್ಲಿ ಹೆಗ್ಗಣವೇ ಮೈಕಿನಲ್ಲಿ ತಾನು ಹೆಗ್ಗಣ ಎನ್ನುತ್ತಿದೆ, ಅದೂ ನೆಂಟರ ಮುಂದೆ. ಸರೋಜಮ್ಮನವರು ಸೆರಗು ಸಿಕ್ಕಿಸಿಕೊಂಡು ಎದ್ದರು.

"ಏನ್ಲಾ ಅಂದೆ? ಯಾವನ್ಲಾ ದಂಡಪಿಂಡ?"

"ಅವ್ವಾ, ಕೂತ್ಕೋ..."

"ಕೂರಾಕಿಲ್ಲ! ಕೈ ನೋವಂತೆ ಕೈ ನೋವು! ಧರ್ಮಸ್ಥಳಕ್ಕೋಯ್ತೀನಿ ಅಂತ ಊರಿಗೆಲ್ಲ ಏಳ್ಬುಟ್ಟು ಮನಿಲಾಕ್ಕೋಗಿ ಗೆದ್ಕಂಡು ಬಂದ ಕಪ್ಪು ನನ್ ಷೋಕೇಸ್ನಾಗೆ ಬೆಡ್‌ಶೀಟ್ ಒದ್ಕಂಡು ಕೂತದೆ! ಇವತ್ ಬೆಳಿಗ್ಗೆ ಮೂರು ಮುದ್ದೆ ಮುರುದ್ಯಲ್ಲ, ಅದ್ಯಾವ್ ಕೈನಾಗ್ಲಾ? ಬಿಚ್ಚೋ ಆ ಪಟ್ಟಿನ!"

ಪಾರ್ಕಿನಲ್ಲಿ ಸೌಟಿನ ಸದ್ದೂ ನಿಂತಿತು. ನಿಶಾಂತ ನಿಧಾನವಾಗಿ ಎದ್ದ. ತಿಂಗಳ ಚೌಕಾಸಿಯಲ್ಲಿ ಅವನು ಕೇಳುತ್ತಿದ್ದುದಕ್ಕಿಂತ ದೊಡ್ಡ ಸಾಕ್ಷಿ ಈಗ ತಾನಾಗಿ ಸಿಕ್ಕಿತ್ತು. ಸುಮ್ಮನೆ ನಕ್ಕು ಕೂತಿದ್ದರೆ ಆರು ಆಟ ಬಿಟ್ಟಿ ಸಿಗುತ್ತಿದ್ದವು. ಆದರೆ ಆಟಗಾರನ ಹೊಟ್ಟೆಯಲ್ಲಿ ಲೆಕ್ಕಕ್ಕಿಂತ ಉರಿ ಜಾಸ್ತಿ.

"ಮನಿಲಾ ಅಂತೆ ಮನಿಲಾ! ಅಲ್ಲಿ ನಾನಿದ್ದಿದ್ರೆ ಕಪ್ಪಲ್ಲ, ಸಾಸರೂ ಸಿಗ್ತಿರ್ಲಿಲ್ಲ ನಿಂಗೆ!"

"ಕಣ್ ಕಾಣ್ದೋನು ನೀನು, ಏನ್ ಕಿಸೀತಿದ್ದೆ?"

ನಿಶಾಂತ ಕನ್ನಡಕ ಕಿತ್ತು ಎಸೆದ. "ಯಾರಿಗೋ ಕಣ್ ಕಾಣಲ್ಲ? ಅಗೋ, ಗೇಟಿನ ಮೇಲೆ ಇರುವೆ ಹೋಗ್ತಿರೋದೂ ಕಾಣ್ತದೆ! ಬಿಟ್ಕೊಡೋದೂ ಬೇಡ, ಇಸ್ಕೊಳ್ಳೋದೂ ಬೇಡ. ಸಮಕ್ಕೆ ಸಮ ಬಾ, ಈಗ್ಲೇ ಬಾ!" ಎಂದವನೇ ಅಧ್ಯಕ್ಷರ ಕೈಯಿಂದ ಪೇಟ ಕಸಿದ. "ಅಗ್ರಗಣ್ಯ ನಾನು. ಇದು ನಂದು!"

"ನಿನ್ ತಲೆ! ಅದು ನಂದು!" ಎಂದು ಮಹೇಂದ್ರ ಅದರ ತುದಿ ಹಿಡಿದ.

ನೋಯುವ ಕೈ ಎಳೆದ ಎಳೆತಕ್ಕೆ ಪೇಟದ ಸುತ್ತೆಲ್ಲ ಬಿಚ್ಚಿಕೊಂಡಿತು. ಒಂದು ತುದಿ ಇವನ ಕೈಯಲ್ಲಿ, ಒಂದು ತುದಿ ಅವನ ಕೈಯಲ್ಲಿ, ನಡುವೆ ಜರಿಯಂಚು ನೆಲ ಒರೆಸುತ್ತ, ದೇಶದ ಇಬ್ಬರು ಅಗ್ರಗಣ್ಯರು ವೇದಿಕೆಯಿಂದ ಹಾರಿ ಗೇಟು ದಾಟಿ ಮಂಟಯ್ಯನ ಹಾಲಿನ ಕಡೆಗೆ ಓಡಿದರು. ಸರೋಜಮ್ಮ, ನೆಂಟರು, ಬಡಾವಣೆಯ ಹುಡುಗರು ಅವರ ಹಿಂದೆ ಓಡಿದರು. ಬಿಸಿಬೇಳೆಬಾತಿನ ಪಕ್ಷ ಮಾತ್ರ ಕೂತಲ್ಲೇ ಕೂತಿತ್ತು.

ರಾಯರು ಕಂಬದ ಹಾಗೆ ನಿಂತುಬಿಟ್ಟಿದ್ದರು. ಸಭೆಗೆ ಬಂದು, ಈಗ ಓಡಲು ಹೊರಟಿದ್ದ ಮಂಟಯ್ಯ ಕನಿಕರದಿಂದ ಒಂದು ಗಳಿಗೆ ನಿಂತ. "ಅದು ಗೌರವ ಅಲ್ಲ ಸಾ, ಚೌಕಾಸಿ. ದೊಡ್ಡೋನು ಅನ್ನಿಸ್ಕೊಂಡೋನು ಬಾರ ಒರಬೇಕು. ಅದ್ಕೇ ಒಬ್ರನ್ನೊಬ್ರು ದೊಡ್ಡೋನ್ ಮಾಡ್ತಿದ್ರು," ಎಂದು ಹೇಳಿ ಅವನೂ ಓಡಿದ.

"ಕಾರ್ಯದರ್ಶಿಗಳೇ," ಎಂದು ಮೈಕಿನಲ್ಲಿ ವೃಷಭೇಂದ್ರಪ್ಪನವರ ಧ್ವನಿ ಕೇಳಿಸಿತು. ಅದರಲ್ಲಿ ಬೆಣ್ಣೆಯಿತ್ತು. "ಅತಿಥಿಗಳು ಕೊನೇತನಕ ಕೂರ್ಲಿಲ್ಲ. ಮಾತು ಅಂದ್ರೆ ಮಾತು. ಗೊಂಚಲು ತನ್ನಿ."

ರಾಯರ ಕೈ ಸೊಂಟಕ್ಕೆ ಹೋಯಿತು. ನಾಳೆಯಿಂದ ಬೆಳಿಗ್ಗೆ "ರಾಯರು ಬಂದ್ರಾ" ಎಂದು ಯಾರೂ ಕೇಳುವುದಿಲ್ಲ ಎನ್ನಿಸಿ ನಿಜವಾಗಿಯೂ ಅಳು ಬಂತು. ಸಭೆಯಲ್ಲಿದ್ದ ಕಮಲಮ್ಮನವರೂ ತಲೆ ತಗ್ಗಿಸಿದರು. ರಾಯರು ಗೊಂಚಲು ಬಿಚ್ಚಿ ನಾಲ್ಕು ಹೆಜ್ಜೆ ನಡೆದರು. ಆ ನಾಲ್ಕು ಹೆಜ್ಜೆಯಲ್ಲಿ ಮಂಟಯ್ಯನ ಮಾತು ಅವರ ತಲೆಯೊಳಗೆ ಎರಡು ಸುತ್ತು ಹೊಡೆದು ಸರಿಯಾದ ಗುಂಡಿಗೆ ಬಿತ್ತು.

ಅವರು ಮೈಕು ತೆಗೆದುಕೊಂಡರು.

"ಮಹನೀಯರೇ, ಇದು ನನ್ನ ಬಾಳಿನ ಸುದಿನ. ಅಧ್ಯಕ್ಷರ ಮುಂದೆ ನಾನ್ಯಾವ ಗಿಡದ ತೊಪ್ಪಲು? ನಾನು ಗೇಟು ತೆಗೆಯೋದು ಐದಕ್ಕೆ. ಅವರಂಥ ದೊಡ್ಡವರು ನಾಲ್ಕೂವರೆಗೇ ತೆಗೀತಾರೆ. ಚಳಿಯಾಗಲಿ, ಮಳೆಯಾಗಲಿ!"

ಚಪ್ಪಾಳೆ ಬಿತ್ತು. ವೃಷಭೇಂದ್ರಪ್ಪನವರ ಮುಗುಳ್ನಗೆ ಅರ್ಧಕ್ಕೆ ನಿಂತಿತು.

"ಮೋಟಾರು ಕೆಟ್ಟರೆ ನಾನು ಮೆಕ್ಯಾನಿಕ್‌ನ ಕರೀತೀನಿ, ಹೇಡಿ ನಾನು. ಅಧ್ಯಕ್ಷರು ಸಂಪಿನೊಳಗೆ ಖುದ್ದಾಗಿ ಇಳೀತಾರೆ. ಮೊನ್ನೆ ಪಂಪಿನ ಕೋಣೇಲಿ ಹಾವು ಕಂಡು ನಾನು ಓಡಿಬಂದೆ. ಅದು ಇನ್ನೂ ಅಲ್ಲೇ ಇದೆ. ಅಧ್ಯಕ್ಷರ ಧೈರ್ಯಕ್ಕೆ ಹಾವು ಯಾವ ಲೆಕ್ಕ? ಮೋರಿ ಕಟ್ಟಿದೆ ಅಂತ ಫೋನು ಮಾಡೋ ತಾಯಂದಿರೇ, ನಾಳೆಯಿಂದ ಹೊತ್ತು ಗೊತ್ತು ನೋಡ್ಬೇಡಿ, ಅವರ ನಂಬರ್ ಬರ್ಕೊಳ್ಳಿ. ಒಂಬತ್ತು..."

"ತಡೀರಿ, ತಡೀರಿ!" ವೃಷಭೇಂದ್ರಪ್ಪನವರು ಮೈಕಿಗೆ ಕೈ ಹಾಕಿದರು. ಹಣೆಯಲ್ಲಿ ಬೆವರು. "ರಾಯರದು ದೊಡ್ಡ ಮನಸ್ಸು, ಏನೇನೋ ಅಂತಾರೆ. ಅವರ ಮುಂದೆ ನಾನೇನು? ನಂಗೆ ಮಂಡಿ ನೋವು, ಬೆಳಿಗ್ಗೆ ಏಳಕ್ಕಾಗಲ್ಲ, ಹಾವು ಅಂದ್ರೆ ಹೆಸರು ಕೇಳಿದ್ರೇ ಜ್ವರ. ಈ ಗೊಂಚಲು ಹೊರೋ ಯೋಗ್ಯತೆ ಅವರೊಬ್ಬರಿಗೇ!"

"ಛೆ ಛೆ, ನಿಮಗೇ!"

"ದಮ್ಮಯ್ಯ ರಾಯರೇ, ನಿಮಗೇ!" ಎಂದು ವೃಷಭೇಂದ್ರಪ್ಪನವರು ಗೊಂಚಲನ್ನು ತಮ್ಮ ಕೈಯಾರೆ ರಾಯರ ಸೊಂಟಕ್ಕೆ ಸಿಕ್ಕಿಸಿ, ಬೀಳಬಾರದೆಂದು ಎರಡು ಸಲ ಎಳೆದು ನೋಡಿದರು. ನಿವೃತ್ತ ಪ್ರಾಂಶುಪಾಲರು ಈಗ ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

ಮಾರನೆಯ ಬೆಳಿಗ್ಗೆ ರಾಯರು ಮೂಲೆ ತಿರುಗಿದಾಗ ಗೇಟಿನ ಮುಂದೆ ಎಂದಿನ ಗುಂಪಿನ ಜೊತೆ ಮಹೇಂದ್ರ, ನಿಶಾಂತ್ ಇಬ್ಬರೂ ನಿಂತಿದ್ದರು. ಕೆಂಗಣ್ಣು, ಕೆದರಿದ ತಲೆ. ಇಬ್ಬರ ಕೊರಳಲ್ಲೂ ಅರ್ಧರ್ಧ ಪೇಟ ಇತ್ತು.

"ಯಾರಪ್ಪ ಗೆದ್ದಿದ್ದು?" ಎಂದು ರಾಯರು ಕೇಳಿದರು.

"ಅವನು ಸಾರ್," ಎಂದು ನಿಶಾಂತ ಮಹೇಂದ್ರನನ್ನು ತೋರಿಸಿದ.

"ಯಂಗೋ ಅದು? ಗೆದ್ದೋನು ನೀನು!" ಎಂದು ಮಹೇಂದ್ರ ನಿಶಾಂತನನ್ನು ತೋರಿಸಿದ.

ಮುಂದಿನ ಪಂದ್ಯದ ಚೌಕಾಸಿ ಆಗಲೇ ಶುರುವಾಗಿದೆ ಎಂದು ರಾಯರಿಗೆ ಈ ಸಲ ಯಾರೂ ಹೇಳಿಕೊಡಬೇಕಾಗಲಿಲ್ಲ. ನಿಶಾಂತ ಅವರ ಪಕ್ಕಕ್ಕೆ ಸರಿದು ಪಿಸುಗುಟ್ಟಿದ: "ಸಾರ್, ನಿನ್ನೆ ಸಂಜೆ ನೀವು ಮಾಡಿದ್ದು ಮಂಟಯ್ಯನ ಹಾಲಲ್ಲೆಲ್ಲ ಸುದ್ದಿ. ಮುಂದಿನ ಸಲ ನನ್ನ ಕಡೆಯಿಂದ ನೀವೇ ಮಾತಾಡ್ಬೇಕು."

"ಅವನ್ ಕಡೆಗೋಗ್ಬ್ಯಾಡಿ ಸಾ, ನನ್ ಕಡೆ ಬನ್ನಿ," ಎಂದು ಮಹೇಂದ್ರ ಇನ್ನೊಂದು ಕಿವಿ ಹಿಡಿದ.

ರಾಯರು ಗೊಂಚಲಿನಿಂದ ಗೇಟಿನ ಕೀಲಿ ಆರಿಸಿಕೊಂಡರು. "ಅಯ್ಯೋ, ನನಗೇನು ಬರತ್ತೆ ಕಣ್ರಪ್ಪ? ವೃಷಭೇಂದ್ರಪ್ಪನವರಿದ್ದಾರೆ, ಮಹಾನುಭಾವರು. ಅವರನ್ನ ಕೇಳಿ," ಎಂದು ಬೀಗ ತಿರುಗಿಸಿದರು. "ಈಗ್ಲೇ ಹೋಗಿ ಬಾಗಿಲು ಬಡೀರಿ. ಐದು ಗಂಟೆಗೆಲ್ಲ ಎದ್ದಿರ್ತಾರೆ."